ದುಡಿಯುವ ವಯಸ್ಸಿನಲ್ಲಿ ಬಿ.ಎ.: ದೂರಶಿಕ್ಷಣದ ದಾರಿಗಳಲ್ಲಿ ನಿಮಗೆ ಹೊಂದುವುದು ಯಾವುದು?

ಮೂವತ್ತೈದು, ನಲವತ್ತು, ಐವತ್ತು ದಾಟಿದ ಮೇಲೆ ಕಲಾ ಪದವಿ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ “ಯಾವ ವಿಶ್ವವಿದ್ಯಾಲಯ ಒಳ್ಳೆಯದು?” ಎಂಬುದು. ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡುವುದು ಕಷ್ಟ, ಏಕೆಂದರೆ ಒಂದೇ ವಿಶ್ವವಿದ್ಯಾಲಯಕ್ಕೆ ಒಂದೇ ವರ್ಷ ಸೇರಿದ ಇಬ್ಬರಲ್ಲಿ ಒಬ್ಬರು ಪದವಿ ಮುಗಿಸಿ ಎಂ.ಎ.ಗೆ ಅರ್ಜಿ ಹಾಕುವ ಹೊತ್ತಿಗೆ ಇನ್ನೊಬ್ಬರು ಎರಡನೆಯ ಪತ್ರಿಕೆಯಲ್ಲೇ ನಿಂತುಹೋಗಿರುತ್ತಾರೆ. ಬುದ್ಧಿ ಅಥವಾ ಆಸಕ್ತಿಯಲ್ಲಿ ಅವರಿಬ್ಬರ ನಡುವೆ ಹೆಚ್ಚಿನ ಅಂತರವಿರುವುದಿಲ್ಲ. ಕೋರ್ಸು ನಡೆಯುವ ರೀತಿ ಒಬ್ಬರ ಬದುಕಿಗೆ ಹೊಂದಿರುತ್ತದೆ, ಇನ್ನೊಬ್ಬರ ಬದುಕಿಗೆ ಹೊಂದಿರುವುದಿಲ್ಲ, ಅಷ್ಟೆ. ನಾನು ಎರಡು ಸಲ ಪ್ರವೇಶ ಪಡೆದವಳು. ಮೊದಲನೆಯದನ್ನು ಒಂದೂವರೆ ವರ್ಷಕ್ಕೆ ಕೈಬಿಟ್ಟೆ, ಎರಡನೆಯದನ್ನು ಆರು ವರ್ಷಗಳಲ್ಲಿ ಮುಗಿಸಿದೆ. ಎರಡೂ ಕಡೆ ವಿಷಯಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಬೇರೆಯಾಗಿದ್ದದ್ದು ಗಡುವುಗಳು ಯಾರ ಕೈಯಲ್ಲಿದ್ದವು ಎಂಬುದು, ಮತ್ತು ನಾನು ಬರೆದದ್ದನ್ನು ಯಾರು ಓದುತ್ತಿದ್ದರು ಎಂಬುದು. ಹಾಗಾಗಿ ಈ ಬರಹದಲ್ಲಿ ವಿಶ್ವವಿದ್ಯಾಲಯಗಳಿಗೆ ಶ್ರೇಯಾಂಕ ಕೊಡುವುದಿಲ್ಲ. ಕಲಿಕೆಯ ಮಾದರಿಗಳನ್ನು ಹೋಲಿಸುತ್ತೇನೆ.

ಹೋಲಿಸುವ ಮೊದಲು ಅಳತೆಗೋಲುಗಳು

ಮೊದಲನೆಯದು ಮಾನ್ಯತೆ. ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಅರ್ಧ ಮಾತ್ರ ಹೇಳುತ್ತಾರೆ. ಸಂಸ್ಥೆಗೆ ಮಾನ್ಯತೆ ಇರುವುದು ಒಂದು, ಆ ಸಂಸ್ಥೆ ದೂರಶಿಕ್ಷಣ ನಡೆಸಲು ಅನುಮತಿ ಪಡೆದಿರುವುದು ಇನ್ನೊಂದು, ನೀವು ಸೇರುವ ನಿರ್ದಿಷ್ಟ ಪದವಿಗೆ ನೀವು ಸೇರುವ ವರ್ಷದಲ್ಲಿ ಆ ಅನುಮತಿ ಜಾರಿಯಲ್ಲಿರುವುದು ಮತ್ತೊಂದು. ಅನೇಕ ದೇಶಗಳ ನಿಯಂತ್ರಣ ವ್ಯವಸ್ಥೆಯಲ್ಲಿ ಈ ಮೂರನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ. ಸಂಸ್ಥೆಯ ಜಾಹೀರಾತನ್ನು ನಂಬದೆ ಸರ್ಕಾರಿ ನಿಯಂತ್ರಕರು ಪ್ರಕಟಿಸುವ ಪಟ್ಟಿಯಲ್ಲೇ ನೋಡಿ, ಆ ಪುಟವನ್ನು ದಿನಾಂಕದ ಸಮೇತ ಉಳಿಸಿಟ್ಟುಕೊಳ್ಳಿ. ಹತ್ತು ವರ್ಷಗಳ ನಂತರ ಯಾರಾದರೂ ಪ್ರಶ್ನೆ ಎತ್ತಿದರೆ ಆ ಒಂದು ಹಾಳೆ ಕೈಹಿಡಿಯುತ್ತದೆ. ನಕಲಿ ಪದವಿ ಮಾರುವವರು ಈಗ ತಮ್ಮದೇ ನಕಲಿ ಮಾನ್ಯತಾ ಮಂಡಳಿಗಳನ್ನೂ ಹುಟ್ಟುಹಾಕಿಕೊಳ್ಳುತ್ತಾರೆ, ಆದ್ದರಿಂದ “ಮಾನ್ಯತೆ ಇದೆ” ಎಂಬ ಮಾತಿಗೆ “ಯಾರ ಮಾನ್ಯತೆ?” ಎಂಬ ಮರುಪ್ರಶ್ನೆ ಇರಲೇಬೇಕು. ಒಂದು ದೇಶದಲ್ಲಿ ಕಲಿತು ಇನ್ನೊಂದರಲ್ಲಿ ಪದವಿಯನ್ನು ಬಳಸುವ ಯೋಚನೆಯಿದ್ದರೆ, ಯುರೋಪಿನ ದೇಶಗಳಲ್ಲಿ ಪದವಿಗಳ ಮಾನ್ಯತೆ ಕುರಿತ 1997ರ ಲಿಸ್ಬನ್ ಒಪ್ಪಂದದ ಆಧಾರದ ಮೇಲೆ ಕೆಲಸ ಮಾಡುವ ಎನಿಕ್-ನಾರಿಕ್ ಕೇಂದ್ರಗಳು ವಿದೇಶಿ ಪದವಿಯ ಸಮಾನತೆಯ ಬಗ್ಗೆ ಮಾಹಿತಿ ಕೊಡುತ್ತವೆ. ಇದೆಲ್ಲಕ್ಕಿಂತ ಮುಖ್ಯವಾಗಿ, ಪದವಿಯನ್ನು ಕೊನೆಗೆ ಎಲ್ಲಿ ಸಲ್ಲಿಸುತ್ತೀರೋ ಅಲ್ಲಿಗೇ, ಅಂದರೆ ಬಡ್ತಿ ಕೊಡುವ ಇಲಾಖೆಗೆ, ಎಂ.ಎ.ಗೆ ಸೇರಿಸಿಕೊಳ್ಳುವ ವಿಭಾಗಕ್ಕೆ, ಶಿಕ್ಷಕ ತರಬೇತಿ ಸಂಸ್ಥೆಗೆ, ಮೊದಲೇ ಲಿಖಿತವಾಗಿ ಕೇಳಿ ಲಿಖಿತ ಉತ್ತರ ಪಡೆಯಿರಿ. ಬರೀ ಓದಿನ ಸಂತೋಷಕ್ಕಾಗಿ ಸೇರುವವರಿಗೆ ಈ ಅಳತೆಗೋಲು ಅಷ್ಟು ಬಿಗಿಯಾಗಿ ಬೇಕಿಲ್ಲ; ಆದರೆ ಐದು ವರ್ಷಗಳ ನಂತರ ಮನಸ್ಸು ಬದಲಾಗುವುದೂ ಉಂಟು.

ಎರಡನೆಯದು ಗಂಟೆಗಳ ಲೆಕ್ಕ. ಇದನ್ನು ಮಾಡದೆ ಸೇರುವವರೇ ಹೆಚ್ಚು. ಭಾರತದ ಮುಕ್ತ ಶಿಕ್ಷಣ ವ್ಯವಸ್ಥೆಯಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದು ಹಿಡಿದರೆ ಒಟ್ಟು 3600 ಗಂಟೆ. ಬ್ರಿಟನ್ನಿನ ಆನರ್ಸ್ ಪದವಿಗೆ 360 ಕ್ರೆಡಿಟ್, ಪ್ರತಿಯೊಂದಕ್ಕೂ 10 ಗಂಟೆ, ಅಲ್ಲಿಯೂ 3600. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ 180 ಕ್ರೆಡಿಟ್, ಪ್ರತಿಯೊಂದಕ್ಕೂ 25ರಿಂದ 30 ಗಂಟೆ, ಅಂದರೆ 4500ರಿಂದ 5400. ಈಗ ನಿಮ್ಮ ವಾರವನ್ನು ಮುಂದಿಟ್ಟುಕೊಳ್ಳಿ. ವರ್ಷಕ್ಕೆ 45 ವಾರ ಓದುತ್ತೀರಿ, ವಾರಕ್ಕೆ 10 ಗಂಟೆ ಸಿಗುತ್ತದೆ ಎಂದಾದರೆ ವರ್ಷಕ್ಕೆ 450 ಗಂಟೆಯಾಯಿತು. 3600 ಗಂಟೆಗೆ 8 ವರ್ಷ ಬೇಕು. ವಾರಕ್ಕೆ 15 ಗಂಟೆ ಸಿಕ್ಕರೆ ಐದು ವರ್ಷಕ್ಕಿಂತ ಸ್ವಲ್ಪ ಹೆಚ್ಚು. “ಕೆಲಸ ಮಾಡುತ್ತಲೇ ಮೂರು ವರ್ಷದಲ್ಲಿ ಪದವಿ” ಎಂಬ ಮಾತನ್ನು ನಂಬುವ ಮುನ್ನ ಈ ಗುಣಾಕಾರ ಮಾಡಿ ನೋಡಿ. ಅದಕ್ಕೆ ವಾರಕ್ಕೆ ಸುಮಾರು 27 ಗಂಟೆ ಬೇಕು. ನಿಜ, ನಿಗದಿತ ಗಂಟೆಗಳಷ್ಟು ಓದದೆ ಪಾಸಾಗುವವರೂ ಇದ್ದಾರೆ. ಆದರೆ ಹಾಗೆ ಪಾಸಾಗುವುದನ್ನೇ ಯೋಜನೆಯೆಂದು ಇಟ್ಟುಕೊಳ್ಳಬಾರದು.

ಮೂರನೆಯದು ನಿಮ್ಮ ಬರವಣಿಗೆಯನ್ನು ಯಾರು ಓದುತ್ತಾರೆ ಎಂಬುದು. ಕಲಾ ಪದವಿಯಲ್ಲಿ ಕೈಗೆ ಬರುವ ವಿದ್ಯೆ ಎಂದರೆ ಮುಖ್ಯವಾಗಿ ಓದಿ ವಾದ ಕಟ್ಟುವುದು, ಆಧಾರ ಕೊಟ್ಟು ಬರೆಯುವುದು. ಲೆಕ್ಕದಲ್ಲಾದರೆ ಪುಸ್ತಕದ ಕೊನೆಯ ಪುಟದಲ್ಲಿರುವ ಉತ್ತರ ನೋಡಿ ತಪ್ಪು ತಿಳಿಯಬಹುದು. ಒಂದು ಪ್ರಬಂಧ ಎಲ್ಲಿ ಸಡಿಲವಾಯಿತು ಎಂಬುದನ್ನು ಇನ್ನೊಬ್ಬರು ಓದಿ ಹೇಳದ ಹೊರತು ಬರೆದವರಿಗೆ ಕಾಣಿಸುವುದಿಲ್ಲ. ನನ್ನ ಮೊದಲ ಪ್ರವೇಶದಲ್ಲಿ ಇತಿಹಾಸದ ಪತ್ರಿಕೆಗೆ ಒಂದು ಅಸೈನ್‌ಮೆಂಟ್ ಬರೆದಿದ್ದೆ. ಅದು ಐದು ತಿಂಗಳ ನಂತರ ಮರಳಿ ಬಂತು. ಪ್ರತಿ ಪುಟದಲ್ಲೂ ಕೆಂಪು ಶಾಯಿಯ ಒಂದೊಂದು ಟಿಕ್ ಗುರುತು, ಕೊನೆಯಲ್ಲಿ “ಉತ್ತಮ” ಎಂಬ ಒಂದು ಪದ. ಖುಷಿಯಿಂದಲೇ ತಿರುವಿ ನೋಡುತ್ತಿದ್ದಾಗ, ರಾತ್ರಿ ನಿದ್ದೆಗಣ್ಣಿನಲ್ಲಿ ನಕಲು ಮಾಡುವಾಗ ನಾಲ್ಕನೆಯ ಪುಟದ ಒಂದು ಪ್ಯಾರಾವನ್ನು ಏಳನೆಯ ಪುಟದಲ್ಲಿ ಅಕ್ಷರಶಃ ಮತ್ತೆ ಬರೆದುಬಿಟ್ಟಿದ್ದೇನೆ ಎಂದು ಕಂಡಿತು. ಎರಡು ಕಡೆಯೂ ಟಿಕ್ ಇತ್ತು. ಎರಡನೆಯ ಪ್ರವೇಶದಲ್ಲಿ ಬಂದ ಮೊದಲ ಅಸೈನ್‌ಮೆಂಟಿಗೆ ಅಂಕ ಕಡಿಮೆಯಿತ್ತು, ಆದರೆ ಮೂರನೆಯ ಪುಟದ ಅಂಚಿನಲ್ಲಿ ಬೋಧಕರು “ಇದು ನಿಮ್ಮ ಮಾತೋ, ಪುಸ್ತಕದ ಮಾತೋ?” ಎಂದು ಬರೆದಿದ್ದರು. ಆ ಒಂದು ಪ್ರಶ್ನೆಯಿಂದ ನಾನು ಕಲಿತದ್ದು ಹಿಂದಿನ ಒಂದೂವರೆ ವರ್ಷದಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಆದ್ದರಿಂದ ಸೇರುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳು ಇವು: ಒಂದು ಪತ್ರಿಕೆಗೆ ಎಷ್ಟು ಲಿಖಿತ ಕೆಲಸಗಳಿವೆ, ಓದುವವರು ಯಾರು, ಎಷ್ಟು ದಿನಗಳಲ್ಲಿ ಮರಳಿ ಬರುತ್ತವೆ, ಅಂಕದ ಜೊತೆ ಟಿಪ್ಪಣಿಯೂ ಬರುತ್ತದೆಯೇ, ಮುಂದಿನ ಬರವಣಿಗೆಗೆ ಕೂರುವ ಮೊದಲೇ ಬರುತ್ತದೆಯೇ. ಸಾಧ್ಯವಾದರೆ ಹಳೆಯ ವಿದ್ಯಾರ್ಥಿಯೊಬ್ಬರ ತಿದ್ದಿದ ಅಸೈನ್‌ಮೆಂಟ್ ಒಂದನ್ನು ಕೇಳಿ ನೋಡಿ. ಮಾಹಿತಿ ಪುಸ್ತಿಕೆಯ ಐವತ್ತು ಪುಟಗಳಿಗಿಂತ ಅದು ಹೆಚ್ಚು ಹೇಳುತ್ತದೆ.

ನಾಲ್ಕನೆಯದು ಗಡುವು ಯಾರದ್ದು ಎಂಬುದು. ಸೇರುವ ದಿನ ಎಲ್ಲರೂ ತಮ್ಮ ಅತ್ಯುತ್ತಮ ವಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕುತ್ತಾರೆ: ಬೆಳಗ್ಗೆ ಐದಕ್ಕೆ ಎದ್ದು ಎರಡು ಗಂಟೆ, ಭಾನುವಾರ ಐದು ಗಂಟೆ. ಕೋರ್ಸನ್ನು ಮುರಿಯುವುದು ಅತ್ಯಂತ ಕೆಟ್ಟ ತಿಂಗಳು. ಕಚೇರಿಯಲ್ಲಿ ಲೆಕ್ಕ ಮುಗಿಸುವ ಕಾಲ, ಮನೆಯಲ್ಲೊಬ್ಬರು ಆಸ್ಪತ್ರೆಯಲ್ಲಿರುವ ಕಾಲ, ಮಗುವಿಗೆ ಜ್ವರ ಬಂದು ಹೋಗಿ ಮತ್ತೆ ಬರುವ ಕಾಲ. ಅಂಥ ತಿಂಗಳಿನಲ್ಲಿ ಈ ಕೋರ್ಸು ನನ್ನನ್ನು ಹೊರಗೆ ತಳ್ಳುತ್ತದೆಯೇ, ಕಾಯುತ್ತದೆಯೇ, ಇಲ್ಲವೇ ನಾನು ಮರಳಿ ಬಾರದಿದ್ದರೂ ಅದಕ್ಕೆ ಗೊತ್ತೇ ಆಗುವುದಿಲ್ಲವೇ ಎಂದು ಕೇಳಿಕೊಳ್ಳಬೇಕು. ಕೊನೆಯದೇ ಅತ್ಯಂತ ಅಪಾಯಕಾರಿ. ಈ ಅಳತೆಗೋಲಿಗೆ ನಾನು ಉಳಿದೆಲ್ಲಕ್ಕಿಂತ ಹೆಚ್ಚಿನ ತೂಕ ಕೊಡುತ್ತೇನೆ.

ಉಳಿದವುಗಳನ್ನು ಬೇಗ ಹೇಳಿಬಿಡಬಹುದು. ಪರೀಕ್ಷೆ ಕೇಂದ್ರದಲ್ಲಿ ಕೈಬರಹದಲ್ಲೋ, ಮನೆಯಲ್ಲಿ ಕ್ಯಾಮೆರಾದ ಕಣ್ಗಾವಲಿನಲ್ಲೋ, ಅಥವಾ ಪ್ರಬಂಧಗಳ ಮೂಲಕವೋ ಎಂದು ತಿಳಿಯಿರಿ. ಇಪ್ಪತ್ತು ವರ್ಷಗಳಿಂದ ಕೈಯಲ್ಲಿ ಮೂರು ಗಂಟೆ ಸತತವಾಗಿ ಬರೆಯದವರಿಗೆ ಕೈನೋವೇ ಒಂದು ವಿಷಯವಾಗುತ್ತದೆ. ಪಾಠದ ಭಾಷೆ ಯಾವುದು, ಉತ್ತರವನ್ನು ಯಾವ ಭಾಷೆಯಲ್ಲಿ ಬರೆಯಬಹುದು ಎಂಬುದನ್ನು ವಿಚಾರಿಸಿ. ಗ್ರಂಥಾಲಯದ ಡಿಜಿಟಲ್ ಸಂಗ್ರಹ ದೂರಶಿಕ್ಷಣದವರಿಗೂ ತೆರೆದಿದೆಯೇ ಎಂದು ಕೇಳಿ, ಏಕೆಂದರೆ ಮೂರನೆಯ ವರ್ಷದ ಹೊತ್ತಿಗೆ ಕೊಟ್ಟ ಪಠ್ಯಸಾಮಗ್ರಿ ಸಾಲುವುದಿಲ್ಲ. ಖರ್ಚಿನ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಮುಕ್ತ ವಿಶ್ವವಿದ್ಯಾಲಯ

ದಕ್ಷಿಣ ಆಫ್ರಿಕದ ಯೂನಿಸಾ ವಿಶ್ವವಿದ್ಯಾಲಯ 1946ರಲ್ಲಿ ಅಂಚೆಯ ಮೂಲಕ ಪಾಠ ಆರಂಭಿಸಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಮೊದಲ ವಿದ್ಯಾರ್ಥಿಗಳಿಗೆ ಪಾಠ ಶುರುಮಾಡಿದ ಮೇಲೆ ಈ ಮಾದರಿ ಜಗತ್ತಿನಾದ್ಯಂತ ಹರಡಿತು: ಸ್ಪೇನಿನಲ್ಲಿ 1972, ಜರ್ಮನಿಯ ಹಾಗೆನ್ ನಗರದಲ್ಲಿ ಮತ್ತು ಪಾಕಿಸ್ತಾನದಲ್ಲಿ 1974, ಭಾರತದಲ್ಲಿ ಮೊದಲು ಆಂಧ್ರಪ್ರದೇಶದಲ್ಲಿ 1982, ರಾಷ್ಟ್ರಮಟ್ಟದ ಇಗ್ನೋ 1985, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996. ಒಂದೊಂದರ ನಿಯಮ ಒಂದೊಂದು ಬಗೆಯಾದರೂ ಮೂಲ ಚೌಕಟ್ಟು ಸಮಾನ. ದೂರದಿಂದಲೇ ಕಲಿಯುವವರಿಗೆಂದು ಬರೆಸಿದ ಪಠ್ಯಸಾಮಗ್ರಿ, ಅಸೈನ್‌ಮೆಂಟ್, ಅಧ್ಯಯನ ಕೇಂದ್ರದಲ್ಲೋ ಪರದೆಯ ಮೇಲೋ ಆಗೊಮ್ಮೆ ಈಗೊಮ್ಮೆ ಸಂಪರ್ಕ ತರಗತಿ, ಕೊನೆಯಲ್ಲಿ ಪರೀಕ್ಷೆ ಅಥವಾ ಅದಕ್ಕೆ ಬದಲಾದ ದೊಡ್ಡ ಪ್ರಬಂಧ.

ಮಾನ್ಯತೆಯ ಅಳತೆಗೋಲಿನಲ್ಲಿ ಸರ್ಕಾರಿ ಮುಕ್ತ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಗಟ್ಟಿ, ಆದರೂ ಮೇಲೆ ಹೇಳಿದ ಮೂರು ಪರಿಶೀಲನೆಗಳನ್ನು ಬಿಡುವಂತಿಲ್ಲ. ಹಳೆಯ ಅಂಕಗಳ ಬಗ್ಗೆಯೂ ಇವು ಉದಾರ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಬಹುತೇಕ ಪದವಿಗಳಿಗೆ ಹಿಂದಿನ ಪ್ರಮಾಣಪತ್ರವನ್ನೇ ಕೇಳುವುದಿಲ್ಲ. ಪಠ್ಯಸಾಮಗ್ರಿಯನ್ನು ಒಬ್ಬಂಟಿ ಓದುಗರಿಗೆಂದೇ ಬರೆದಿರುವುದರಿಂದ ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ, ಹಿಂದಿನ ಘಟಕವನ್ನು ನೆನಪಿಸುವ ಗುಣ ಅದರಲ್ಲಿರುತ್ತದೆ. ಮುದ್ರಿತ ಪುಸ್ತಕ ಸಿಗುವ ಕಡೆ ಇಂಟರ್ನೆಟ್ ಕೈಕೊಟ್ಟರೂ ಓದು ನಿಲ್ಲುವುದಿಲ್ಲ.

ಗಡುವಿನ ವಿಷಯದಲ್ಲಿ ಈ ಮಾದರಿ ನಡುದಾರಿ ಹಿಡಿಯುತ್ತದೆ. ಇಗ್ನೋದ ಮೂರು ವರ್ಷದ ಬಿ.ಎ.ಯನ್ನು ಗರಿಷ್ಠ ಆರು ವರ್ಷಗಳವರೆಗೆ ಎಳೆಯಬಹುದು. ಬ್ರಿಟನ್ನಿನಲ್ಲಿ ವರ್ಷಕ್ಕೆ 60 ಕ್ರೆಡಿಟ್‌ನಂತೆ ಆರು ವರ್ಷ ಓದುವುದು ದುಡಿಯುವವರ ಸಾಮಾನ್ಯ ದಾರಿ, ಅದಕ್ಕೆ ವಾರಕ್ಕೆ 16ರಿಂದ 18 ಗಂಟೆ ಬೇಕಾಗುತ್ತದೆ. ಒಂದು ಪರೀಕ್ಷೆ ತಪ್ಪಿದರೆ ಮುಂದಿನ ಸುತ್ತು ಇದ್ದೇ ಇದೆ ಎಂಬುದು ಧೈರ್ಯ ಕೊಡುತ್ತದೆ, ಅದೇ ಧೈರ್ಯ ಬಾಕಿ ಪತ್ರಿಕೆಗಳ ರಾಶಿಯನ್ನೂ ಬೆಳೆಸುತ್ತದೆ.

ದೌರ್ಬಲ್ಯ ಮೂರನೆಯ ಅಳತೆಗೋಲಿನಲ್ಲಿದೆ. ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದಿರುವ ಕಡೆ ಒಬ್ಬ ಮೌಲ್ಯಮಾಪಕರ ಮುಂದೆ ಅಸೈನ್‌ಮೆಂಟುಗಳ ಕಟ್ಟು ಎತ್ತರವಾಗಿಯೇ ಇರುತ್ತದೆ. ಅಂಕಗಳ ಹಂಚಿಕೆಯನ್ನೂ ಗಮನಿಸಬೇಕು: ಇಗ್ನೋದ ಬಿ.ಎ.ಯಲ್ಲಿ ಅಸೈನ್‌ಮೆಂಟಿಗೆ ಶೇ. 30, ಅಂತಿಮ ಪರೀಕ್ಷೆಗೆ ಶೇ. 70. ಇಂಥ ಕಡೆ ನೆನಪಿನ ಶಕ್ತಿ ಮತ್ತು ಕೈಬರಹದ ವೇಗಕ್ಕೆ ಬೆಲೆ ಹೆಚ್ಚು. ಬರೆಯುವುದನ್ನು ಕಲಿಯಲೆಂದೇ ಕಲಾ ಪದವಿಗೆ ಬರುವವರು ಇದಕ್ಕೆ ಪರಿಹಾರವನ್ನು ತಾವೇ ಹುಡುಕಬೇಕಾಗುತ್ತದೆ. ಸಂಪರ್ಕ ತರಗತಿಯಲ್ಲಿ ಸಿಕ್ಕ ಇಬ್ಬರು ಮೂವರು ಪರಸ್ಪರ ಬರಹ ಓದಿ ಹೇಳುವ ಏರ್ಪಾಡು ಮಾಡಿಕೊಂಡರೆ ಅರ್ಧ ಕೊರತೆ ನೀಗುತ್ತದೆ. ಸಂಪರ್ಕ ತರಗತಿ ಕಡ್ಡಾಯವಲ್ಲದಿದ್ದರೂ ಹೋಗಿ ಎಂದು ನಾನು ಹೇಳುವುದು ಪಾಠಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ.

ವೇಳಾಪಟ್ಟಿಯಿರುವ ಆನ್‌ಲೈನ್ ಪದವಿ

ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳು ತಮ್ಮ ಬಿ.ಎ.ಯನ್ನೇ ಪರದೆಯ ಮೇಲೆ ತಂದಿರುವ ಮಾದರಿ ಇದು. ಒಂದು ತಂಡ ಒಟ್ಟಿಗೆ ಸೇರುತ್ತದೆ, ವಾರಕ್ಕೊಂದೆರಡು ನೇರ ತರಗತಿ ನಡೆಯುತ್ತದೆ, ಪ್ರತಿ ವಾರ ಏನಾದರೊಂದು ಸಲ್ಲಿಸಬೇಕು, ಸಹಪಾಠಿಗಳು ಬರೆದದ್ದಕ್ಕೆ ಪ್ರತಿಕ್ರಿಯೆ ಬರೆಯಬೇಕು. ನಾನು ಮುಗಿಸಿದ್ದು ಇಂಥದ್ದನ್ನು, ಆದ್ದರಿಂದ ನನ್ನ ಪಕ್ಷಪಾತವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಓದಿ ಹೇಳುವವರಿದ್ದಾರೆಯೇ ಎಂಬ ಅಳತೆಗೋಲಿನಲ್ಲಿ ಚೆನ್ನಾಗಿ ನಡೆಯುವ ಆನ್‌ಲೈನ್ ಕೋರ್ಸು ಉಳಿದೆಲ್ಲವನ್ನೂ ಹಿಂದೆ ಹಾಕುತ್ತದೆ. ಬೋಧಕರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಎರಡು ವಾರ ಕಾಣದಿದ್ದರೆ ವಿಚಾರಿಸುವ ಒಂದು ಮಿಂಚಂಚೆಯಾದರೂ ಬರುತ್ತದೆ. ಗಡುವು ಅವರ ಕೈಯಲ್ಲಿರುವುದರಿಂದ ಪ್ರತಿ ಸಂಜೆ “ಇವತ್ತು ಓದಲೇ, ನಾಳೆ ಓದಲೇ” ಎಂದು ನಿಮ್ಮೊಡನೆ ನೀವೇ ಜಗಳವಾಡುವ ಪ್ರಸಂಗ ತಪ್ಪುತ್ತದೆ. ಆದರೆ ಅದೇ ಬಿಗಿ ಪಾಳಿಯಲ್ಲಿ ದುಡಿಯುವವರಿಗೆ ಉರುಳಾಗುತ್ತದೆ. ನೇರ ತರಗತಿಯ ಹಾಜರಿಗೆ ಅಂಕವಿದೆಯೇ, ತರಗತಿಯ ವಿಡಿಯೋ ಮುದ್ರಿಕೆ ನೋಡಿದರೆ ಸಾಕೇ, ಸಮಯವಲಯ ಬೇರೆಯಾದರೆ ಏನು ಗತಿ, ಒಂದು ಸೆಮಿಸ್ಟರ್ ಬಿಡುವು ತೆಗೆದುಕೊಂಡರೆ ಮುಂದಿನ ತಂಡದೊಡನೆ ಸೇರಬಹುದೇ ಅಥವಾ ಪ್ರವೇಶವೇ ರದ್ದಾಗುತ್ತದೆಯೇ ಎಂಬುದನ್ನು ನಿಯಮಾವಳಿಯಲ್ಲೇ ಓದಿ. ಫೋನಿನಲ್ಲಿ ಸಿಹಿಯಾಗಿ ಮಾತನಾಡುವ ಪ್ರವೇಶ ಸಲಹೆಗಾರರ ಭರವಸೆಗೆ ನಿಯಮಾವಳಿಯ ಬಲವಿರುವುದಿಲ್ಲ.

ಎಲ್ಲ ಆನ್‌ಲೈನ್ ಪದವಿಗಳೂ ಹೀಗೆ ನಡೆಯುವುದಿಲ್ಲ ಎಂಬ ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಕೆಲವು ಕಡೆ “ಆನ್‌ಲೈನ್” ಎಂದರೆ ಮೂರು ವರ್ಷ ಹಳೆಯ ವಿಡಿಯೋಗಳ ಸಾಲು ಮತ್ತು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಕಿರುಪರೀಕ್ಷೆ, ಅಷ್ಟೆ. ಸಾಹಿತ್ಯವನ್ನೋ ರಾಜಕೀಯ ಚಿಂತನೆಯನ್ನೋ ಬಹುಆಯ್ಕೆಯ ಪ್ರಶ್ನೆಗಳಲ್ಲೇ ಮುಗಿಸುವ ಪದವಿ ಪ್ರಮಾಣಪತ್ರ ಕೊಟ್ಟೀತು, ಆದರೆ ಆ ಪ್ರಮಾಣಪತ್ರ ಹಿಡಿದು ಎಂ.ಎ.ಗೆ ಹೋದವರು ಮೊದಲ ಪ್ರಬಂಧದಲ್ಲೇ ಕಂಗಾಲಾಗುತ್ತಾರೆ. ಮಾದರಿ ತರಗತಿಯೊಂದನ್ನು ನೋಡಲು, ಒಂದು ಪತ್ರಿಕೆಯ ಮೌಲ್ಯಮಾಪನ ವಿವರವನ್ನು ಓದಲು ಕೊಡದ ಸಂಸ್ಥೆಯನ್ನು ನಾನಂತೂ ಪಟ್ಟಿಯಿಂದ ತೆಗೆದುಹಾಕುತ್ತೇನೆ.

ಸ್ವಂತ ವೇಗದ ಪದವಿ

ಕೆನಡಾದ ಅಥಾಬಾಸ್ಕಾ ವಿಶ್ವವಿದ್ಯಾಲಯ ಈ ಮಾದರಿಗೆ ಹೆಸರಾದದ್ದು. ಅಲ್ಲಿ ಪದವಿಯ ಹೆಚ್ಚಿನ ಕೋರ್ಸುಗಳನ್ನು ಯಾವುದೇ ತಿಂಗಳ ಮೊದಲ ತಾರೀಖಿನಿಂದ ಆರಂಭಿಸಬಹುದು. ಸಾಮಾನ್ಯ ಕೋರ್ಸೊಂದಕ್ಕೆ ಆರು ತಿಂಗಳ ಅವಧಿ, ಮುಗಿಯದಿದ್ದರೆ ಹಣ ಕಟ್ಟಿ ವಿಸ್ತರಿಸಿಕೊಳ್ಳಬಹುದು. ಬೋಧಕರು ಇರುತ್ತಾರೆ, ಆದರೆ ಸಹಪಾಠಿಗಳ ತಂಡವಿರುವುದಿಲ್ಲ.

ಕೇಳಲು ಇದಕ್ಕಿಂತ ಅನುಕೂಲವಾದದ್ದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಬಿಡುವು, ಎಂಟು ತಿಂಗಳು ಉಸಿರಾಡಲೂ ಸಮಯವಿಲ್ಲ ಎಂಬಂಥ ಉದ್ಯೋಗದವರಿಗೆ, ಹಡಗಿನಲ್ಲೋ ಗಡಿಯಲ್ಲೋ ದುಡಿಯುವವರಿಗೆ, ಕಾಯಿಲೆ ಏರಿಳಿಯುವವರಿಗೆ ಇದು ನಿಜಕ್ಕೂ ವರ. ಮೊದಲೇ ಓದಿಕೊಂಡಿರುವ ವಿಷಯವಾದರೆ ಒಂದು ಪತ್ರಿಕೆಯನ್ನು ಎರಡು ತಿಂಗಳಲ್ಲೇ ಮುಗಿಸಿ ಮುಂದಕ್ಕೆ ಹೋಗಬಹುದು.

ನಾನು ಬಿಟ್ಟುಬಂದದ್ದೂ ಹೆಚ್ಚುಕಡಿಮೆ ಇಂಥದ್ದೇ ವ್ಯವಸ್ಥೆಯನ್ನು. ಅಲ್ಲಿ ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಒಂದು ಘಟಕ ಮುಂದಕ್ಕೆ ಹೋಯಿತು, ವಿಸ್ತರಣೆಗೆ ಒಂದು ಸಲ ಹಣ ಕಟ್ಟಿದೆ, ಇನ್ನೊಂದು ಸಲ ಕಟ್ಟಿದೆ, ಮೂರನೆಯ ಸಲ ಕಟ್ಟಲು ನಾಚಿಕೆಯಾಗಿ ಸುಮ್ಮನಾದೆ. ಈ ಮಾದರಿಗೆ ಸೇರಬೇಕೆಂದಿರುವವರು ಒಂದು ಪ್ರಶ್ನೆಗೆ ತಮ್ಮಲ್ಲೇ ಉತ್ತರ ಹುಡುಕಿಕೊಳ್ಳಲಿ: ಕಳೆದ ಮೂರು ವರ್ಷಗಳಲ್ಲಿ, ಯಾರೂ ಕೇಳದೆ, ಯಾರಿಗೂ ಹೇಳದೆ, ಆರು ತಿಂಗಳು ಸತತವಾಗಿ ನಡೆಸಿಕೊಂಡು ಬಂದ ಕೆಲಸ ಯಾವುದಾದರೂ ಇದೆಯೇ? ಇದ್ದರೆ ಧೈರ್ಯವಾಗಿ ಸೇರಿ. ಇಲ್ಲವಾದರೆ ವೇಳಾಪಟ್ಟಿಯ ಬಿಗಿಗೆ ಒಪ್ಪಿಕೊಳ್ಳುವುದು ಲೇಸು.

ಪರೀಕ್ಷೆಯೇ ಆಧಾರವಾದ ಬಾಹ್ಯ ಪದವಿ

ಇದು ಎಲ್ಲಕ್ಕಿಂತ ಹಳೆಯ ದಾರಿ. ಲಂಡನ್ ವಿಶ್ವವಿದ್ಯಾಲಯ 1858ರಲ್ಲೇ ತನ್ನ ಪದವಿ ಪರೀಕ್ಷೆಗಳನ್ನು ಕಾಲೇಜಿಗೆ ಬಾರದವರಿಗೂ ತೆರೆಯಿತು. ಪಠ್ಯಕ್ರಮ ಕೊಡುವುದು, ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯದ ಕೆಲಸ, ಕಲಿಯುವುದು ವಿದ್ಯಾರ್ಥಿಯ ಪಾಡು. ನೆಲ್ಸನ್ ಮಂಡೇಲಾ ಫೋರ್ಟ್ ಹೇರ್ ಕಾಲೇಜಿನಿಂದ ಹೊರಬಿದ್ದ ಮೇಲೆ ಜೋಹಾನ್ಸ್‌ಬರ್ಗಿನ ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ದುಡಿಯುತ್ತಲೇ ಯೂನಿಸಾದ ಪರೀಕ್ಷೆಗಳನ್ನು ಬರೆದು ಬಿ.ಎ. ಮುಗಿಸಿ 1943ರಲ್ಲಿ ಪದವಿ ಪಡೆದರು. ಅವರ ಉದಾಹರಣೆ ಸ್ಫೂರ್ತಿ ಕೊಡುತ್ತದೆ ನಿಜ. ಆದರೆ ಆ ವೇಳೆಗೆ ಅವರಿಗೆ ಕಾಲೇಜಿನ ಓದಿನ ಅಭ್ಯಾಸ ಮೊದಲೇ ಇತ್ತು ಎಂಬುದನ್ನೂ ಮರೆಯಬಾರದು.

ನೇರವಾಗಿ ಕಟ್ಟುವ ಹಣ ಈ ದಾರಿಯಲ್ಲಿ ಸಾಮಾನ್ಯವಾಗಿ ಕಡಿಮೆ, ಸ್ವಾತಂತ್ರ್ಯ ಹೆಚ್ಚು, ಓದಿ ಹೇಳುವವರು ಬಹುತೇಕ ಶೂನ್ಯ. ವಿಷಯದಲ್ಲಿ ಈಗಾಗಲೇ ಆಳವಾದ ಓದಿರುವ, ಪ್ರಮಾಣಪತ್ರ ಮಾತ್ರ ಬಾಕಿಯಿರುವ ಪತ್ರಕರ್ತರಿಗೆ, ಅನುವಾದಕರಿಗೆ, ನಿವೃತ್ತ ಗ್ರಂಥಪಾಲಕರಿಗೆ ಇದು ಹೇಳಿಮಾಡಿಸಿದಂತಿದೆ. ಶಾಲೆ ಬಿಟ್ಟು ಇಪ್ಪತ್ತು ವರ್ಷವಾಗಿ, ಪ್ರಬಂಧ ಎಂದರೆ ಏನೆಂದು ಹೊಸದಾಗಿ ಕಲಿಯಬೇಕಾದವರಿಗೆ ನಾನು ಇದನ್ನು ಸೂಚಿಸಲಾರೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಗಡಿಯಾರ ನೋಡುತ್ತಾ ಒಂದು ಉತ್ತರ ಬರೆದು, ವಿಷಯ ಬಲ್ಲ ಒಬ್ಬರ ಕೈಯಲ್ಲಿ ಓದಿಸಿ ನೋಡಿದರೆ ನೀವು ಯಾವ ಗುಂಪಿನವರೆಂದು ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಹೋಗಿಬರುವಷ್ಟು ಹತ್ತಿರದಲ್ಲಿ ಸಂಜೆ ಕಾಲೇಜೋ ವಾರಾಂತ್ಯದ ಬಿ.ಎ.ಯೋ ಇದ್ದರೆ ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಅದು ದೂರಶಿಕ್ಷಣವಲ್ಲ, ಆದರೆ ಪ್ರಯಾಣಕ್ಕೆ ಹೋಗುವ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿದು ಹೋಲಿಸಿದಾಗ ಕೆಲವರಿಗೆ ಅದೇ ಸಲೀಸು ಎನಿಸಬಹುದು.

ವಿಷಯ, ಹಳೆಯ ಕ್ರೆಡಿಟ್, ಹಣ

ಎಲ್ಲ ಕಲಾ ವಿಷಯಗಳೂ ದೂರದಿಂದ ಕಲಿಯಲು ಒಂದೇ ಸಮ ಒದಗುವುದಿಲ್ಲ. ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳಿಗೆ ಓದು ಮತ್ತು ಬರವಣಿಗೆಯೇ ಬಂಡವಾಳ. ಮನಶ್ಶಾಸ್ತ್ರ ಮತ್ತು ಭೂಗೋಳದಲ್ಲಿ ಪ್ರಾಯೋಗಿಕ ತರಗತಿಗಳು ಇರಬಹುದು, ಅವುಗಳಿಗೆ ರಜೆ ಹಾಕಿ ಹೋಗಬೇಕಾಗಬಹುದು. ಹೊಸ ಭಾಷೆ ಕಲಿಯುವುದಾದರೆ ಮಾತನಾಡುವ ಅಭ್ಯಾಸ ಕೊಡುವ ನೇರ ತರಗತಿಯಿಲ್ಲದ ಕೋರ್ಸು ವ್ಯರ್ಥ. ಒಂದೇ ವಿಷಯದ ಪದವಿಯೋ ಮೂರು ವಿಷಯಗಳದೋ ಎಂಬ ಆಯ್ಕೆಯಿದ್ದರೆ, ಎಂ.ಎ. ಮನಸ್ಸಿನಲ್ಲಿರುವವರು ಮುಂದಿನ ವಿಭಾಗ ಯಾವುದನ್ನು ಕೇಳುತ್ತದೆ ಎಂದು ನೋಡಿ ತೀರ್ಮಾನಿಸಲಿ. ಉಳಿದವರಿಗೆ ಹಲವು ವಿಷಯಗಳ ಪದವಿ ಹೆಚ್ಚು ಕ್ಷಮಾಶೀಲ, ಒಂದು ವಿಷಯ ಬೇಸರ ತರಿಸಿದಾಗ ಇನ್ನೊಂದು ಕೈಹಿಡಿದು ನಡೆಸುತ್ತದೆ.

ಹಿಂದೆ ಎಂದೋ ಅರ್ಧಕ್ಕೆ ಬಿಟ್ಟ ಪದವಿಯ ಅಂಕಪಟ್ಟಿ ಪೆಟ್ಟಿಗೆಯ ತಳದಲ್ಲಿದ್ದರೆ ಮೊದಲು ಅದನ್ನು ಹೊರತೆಗೆಯಿರಿ. ಅನೇಕ ವಿಶ್ವವಿದ್ಯಾಲಯಗಳು ಹಳೆಯ ಕ್ರೆಡಿಟ್‌ಗಳನ್ನು ಒಂದು ಮಿತಿಯವರೆಗೆ ವರ್ಗಾಯಿಸಿಕೊಳ್ಳುತ್ತವೆ, ಕೆಲವು ಕಡೆ ಉದ್ಯೋಗದ ಅನುಭವಕ್ಕೂ ಮೌಲ್ಯಮಾಪನ ಮಾಡಿ ಕ್ರೆಡಿಟ್ ಕೊಡುತ್ತವೆ. ಅಮೆರಿಕದಲ್ಲಿ ಕ್ಲೆಪ್ ಪರೀಕ್ಷೆಗಳನ್ನು ಪಾಸು ಮಾಡಿ ಆರಂಭಿಕ ಕೋರ್ಸುಗಳನ್ನು ದಾಟುವ ದಾರಿಯಿದೆ. ಇಂಥ ಕ್ರೆಡಿಟ್‌ಗೆ ವಾಯಿದೆ ಇರುವುದುಂಟು, ಮತ್ತು ಪ್ರವೇಶ ಪಡೆದ ಮೇಲೆ ಕೇಳಿದರೆ ಒಪ್ಪದಿರುವುದೂ ಉಂಟು. ಕೇಳುವುದನ್ನು ಅರ್ಜಿಯ ಜೊತೆಗೇ ಕೇಳಿ.

ಹಣದ ವಿಷಯದಲ್ಲಿ ಮೊದಲ ವರ್ಷದ ಶುಲ್ಕವನ್ನು ಹೋಲಿಸುವುದು ದೊಡ್ಡ ತಪ್ಪು. ಹೋಲಿಸಬೇಕಾದದ್ದು ಪದವಿ ಕೈಗೆ ಬರುವವರೆಗಿನ ಒಟ್ಟು ಖರ್ಚು: ನೋಂದಣಿ, ಪ್ರತಿ ಪತ್ರಿಕೆಯ ಪರೀಕ್ಷಾ ಶುಲ್ಕ, ಮರುಪರೀಕ್ಷೆ, ಅವಧಿ ವಿಸ್ತರಣೆ, ಪರೀಕ್ಷಾ ಕೇಂದ್ರಕ್ಕೆ ಹೋಗಿ ತಂಗುವುದು, ಸಂಬಳವಿಲ್ಲದ ರಜೆ, ಪುಸ್ತಕ, ಗಣಕಯಂತ್ರ, ಕೊನೆಗೆ ಪ್ರಮಾಣಪತ್ರದ ಶುಲ್ಕ. ಕೈಯಲ್ಲಿ ಹಣ ಬಿಗಿಯಾಗಿರುವವರು ಇಡೀ ಪದವಿಗೆ ಒಮ್ಮೆಗೇ ಕಟ್ಟಿಸಿಕೊಳ್ಳುವ ಕಡೆಗಿಂತ ಪತ್ರಿಕೆಗೊಂದರಂತೆ ಕಟ್ಟಿಸಿಕೊಳ್ಳುವ ಕಡೆ ಸೇರುವುದು ಕ್ಷೇಮ, ಒಟ್ಟು ಮೊತ್ತ ಸ್ವಲ್ಪ ಹೆಚ್ಚಾದರೂ ಸರಿಯೇ. ಇನ್ನೊಂದು ಅಂಶವನ್ನೂ ವಿಚಾರಿಸಿ: ಒಂದು ಅಥವಾ ಎರಡು ವರ್ಷ ಓದಿ ನಿಲ್ಲಿಸಬೇಕಾಗಿ ಬಂದರೆ ಅಲ್ಲಿಯವರೆಗಿನ ಓದಿಗೆ ಸರ್ಟಿಫಿಕೇಟೋ ಡಿಪ್ಲೊಮಾವೋ ಸಿಗುತ್ತದೆಯೇ? ಸಿಗುವ ಕಡೆ ಕಟ್ಟಿದ ಹಣ ಪೂರ್ತಿ ನೀರಿಗೆ ಹೋಗುವುದಿಲ್ಲ.

ಯಾರಿಗೆ ಯಾವುದು

ಬಡ್ತಿಗೆ ಪದವಿ ಬೇಕು, ವಿಷಯ ಯಾವುದಾದರೂ ಆದೀತು, ಹಣ ಮಿತ, ಇಂಟರ್ನೆಟ್ ಅಷ್ಟಕ್ಕಷ್ಟೆ ಎನ್ನುವವರಿಗೆ ಸರ್ಕಾರಿ ಮುಕ್ತ ವಿಶ್ವವಿದ್ಯಾಲಯವನ್ನು ಬಿಟ್ಟು ಬೇರೆ ಕಡೆ ನೋಡುವ ಅಗತ್ಯ ನನಗೆ ಕಾಣುವುದಿಲ್ಲ. ಬರವಣಿಗೆ ಕಲಿಯಬೇಕು, ಎಂ.ಎ.ಗೆ ಹೋಗಬೇಕು, ವಾರದ ಎರಡು ಸಂಜೆಗಳನ್ನು ಖಚಿತವಾಗಿ ಎತ್ತಿಡಬಲ್ಲೆ ಎನ್ನುವವರು ಸ್ವಲ್ಪ ಹೆಚ್ಚು ಖರ್ಚಾದರೂ ವೇಳಾಪಟ್ಟಿಯ ಆನ್‌ಲೈನ್ ಪದವಿಯನ್ನು ಆರಿಸಬಹುದು. ಪಾಳಿ ಕೆಲಸದವರ ಆಯ್ಕೆ ಕಷ್ಟದ್ದು. ಅವರು ಮುಕ್ತ ವಿಶ್ವವಿದ್ಯಾಲಯ ಮತ್ತು ಸ್ವಂತ ವೇಗದ ಪದವಿಯ ನಡುವೆ ತೂಗಬೇಕಾಗುತ್ತದೆ. ಸ್ವಂತ ವೇಗದ್ದಕ್ಕೆ ಸೇರಿದರೂ ಅದೇ ಕೋರ್ಸಿನ ಇನ್ನೊಬ್ಬರೊಡನೆ ತಿಂಗಳಿಗೊಂದು ಗಡುವನ್ನು ತಾವಾಗಿಯೇ ಹಾಕಿಕೊಂಡರೆ ಮುಗಿಸುವ ಸಾಧ್ಯತೆ ಹೆಚ್ಚು. ಚಿಕ್ಕ ಮಕ್ಕಳಿರುವವರು ಯಾವ ಮಾದರಿಯನ್ನಾದರೂ ಆರಿಸಲಿ, ಮೊದಲ ವರ್ಷದಲ್ಲಿ ಪೂರ್ತಿ ಹೊರೆಯ ಅರ್ಧಕ್ಕಿಂತ ಹೆಚ್ಚು ಪತ್ರಿಕೆಗಳಿಗೆ ನೋಂದಾಯಿಸಬಾರದು. ನಿವೃತ್ತಿಯ ನಂತರ ಓದಿನ ರುಚಿಗಾಗಿ ಬರುವವರಿಗೆ ಅವಸರವಿಲ್ಲ. ಅವರು ಪದವಿಗೇ ಸೇರದೆ ಒಂದೆರಡು ಬಿಡಿ ಪತ್ರಿಕೆಗಳನ್ನು ಓದಿ ನೋಡಿ, ಹಿಡಿಸಿದರೆ ಅವನ್ನೇ ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವ ಅವಕಾಶವಿರುವ ಕಡೆ ಹೋಗಬಹುದು.

ಎರಡು ಸಂಸ್ಥೆಗಳ ನಡುವೆ ಇನ್ನೂ ತೂಗಾಡುತ್ತಿದ್ದರೆ, ಶುಲ್ಕ ವಾಪಸು ಕೊಡುವ ಕೊನೆಯ ದಿನಾಂಕ ಯಾವುದೆಂದು ಎರಡರಲ್ಲೂ ವಿಚಾರಿಸಿ, ಆ ದಿನ ಹೆಚ್ಚು ದೂರವಿರುವ ಕಡೆ ಸೇರಿ, ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಮೊದಲ ಅಸೈನ್‌ಮೆಂಟನ್ನು ಗಡುವಿಗೆ ಕಾಯದೆ ಆದಷ್ಟು ಬೇಗ ಬರೆದು ಕಳುಹಿಸಿ. ಗುರುತು ಮಾಡಿದ ದಿನಕ್ಕೆ ಮೊದಲು ಅದು ಮರಳಿ ಬಂದರೆ, ಅಂಕ ಎಷ್ಟೆಂದು ನೋಡುವ ಮುನ್ನ ಅಂಚುಗಳನ್ನು ನೋಡಿ.